ಪ್ಲೇಟಿನ ಮೇಲೆ ಇಪ್ಪತ್ತು ಮಿಲಿನ್ಯೂಟನ್

ಮೈಕ್‌ಸೆಟ್ ಸಾಹೇಬರು ನಮ್ಮ ಲ್ಯಾಬಿಗೆ ಬಂದಾಗ ನಾನು ಒಂದು ವೇಬ್ರಿಜ್‌ನ ಲೋಡ್ ಸೆಲ್ಲನ್ನು ಪ್ರೆಸ್ಸಿನ ಕೆಳಗೆ ಕೂರಿಸಿ ಇನ್ನೂರು ಕಿಲೋನ್ಯೂಟನ್‌ವರೆಗೆ ಮೆಲ್ಲಗೆ ಒತ್ತುತ್ತಿದ್ದೆ. ಶೇಂಗಾ, ಈರುಳ್ಳಿ ಲಾರಿಗಳ ಭಾರ ಹೊತ್ತು ತೂಕ ತೋರಿಸುವ ಉಕ್ಕಿನ ತುಂಡು ಅದು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಂದ, ವೇಬ್ರಿಜ್‌ಗಳಿಂದ, ಸುತ್ತಲಿನ ಕಟ್ಟಡ ಕೆಲಸಗಳಿಂದ ಬರುವ ಮಾಪಕಗಳು ಸರಿಯಾಗಿ ತೋರಿಸುತ್ತವೋ ಇಲ್ಲವೋ ಎಂದು ನೋಡಿ ಪತ್ರ ಕೊಡುವುದು ನಮ್ಮ ಲ್ಯಾಬಿನ ಕೆಲಸ. ಅಲ್ಲಿ ಎಲ್ಲವೂ ದೊಡ್ಡದು. ಒಂದು ಕಿಲೋನ್ಯೂಟನ್‌ಗಿಂತ ಕಡಿಮೆಯದು ಬಂದರೆ ನಮಗೆ ಆಟದ ಸಾಮಾನು ಬಂದ ಹಾಗೆ.

ಬಾಗಿಲಲ್ಲಿ ನಿಂತವರನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಸೀಮೆಯಲ್ಲಿ ನನ್ನ ವಯಸ್ಸಿನವರಿಗೆ ಅವರ ಗುರುತು ಸಿಗದೆ ಇರುವುದಿಲ್ಲ. ಪೇಟೆಯಲ್ಲಿ ಅವರದು ಮೈಕ್‌ಸೆಟ್ ಅಂಗಡಿ. ನಾನು ಪರಶುರಾಂಪುರದಲ್ಲಿ ಚಿಕ್ಕವಳಿದ್ದಾಗ ಯಾರದೇ ಮನೆಯ ಮದುವೆಗೂ ಅವರೇ ಬರುತ್ತಿದ್ದರು. ಬೇವಿನ ಮರಕ್ಕೆ ಹಾರ್ನ್ ಕಟ್ಟಿ, ಚಪ್ಪರದ ಮೂಲೆಯಲ್ಲಿ ಪೆಟ್ಟಿಗೆ ತೆರೆದು ಹಾಡಿನ ಪ್ಲೇಟು ಹಾಕಿದರೆ ಬೆಳಗಿನ ಜಾವಕ್ಕೇ ಊರೆಲ್ಲ ಎದ್ದು ಕೂರುತ್ತಿತ್ತು. ನಾವು ಹುಡುಗಿಯರು ಪೆಟ್ಟಿಗೆಯ ಹತ್ತಿರ ಹೋದರೆ, "ದೂರ ದೂರ, ಮುಳ್ಳು ಹಾರ್ತದೆ," ಎಂದು ಗದರುತ್ತಿದ್ದರು. ಈಗ ಗಡ್ಡವೆಲ್ಲ ಬೆಳ್ಳಗಾಗಿತ್ತು.

"ಇಲ್ಲಿ ನ್ಯೂಟನ್ ಅಳೀತಾರಂತಲ್ಲ ಬೇಟಿ, ಖರೇನಾ?"

"ಹೌದು ಸಾಹೇಬ್ರೆ. ಏನು ತಂದಿದ್ದೀರಿ?"

ಅವರು ಜೇಬಿನಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿ ತೆಗೆದರು. ರೆಕಾರ್ಡ್ ಪ್ಲೇಯರಿನ ಹೊಸ ಮುಳ್ಳು, ಅದು ಕೂತಿರುವ ಕಾರ್ಟ್ರಿಡ್ಜ್ ಸಮೇತ. ಜೊತೆಗಿದ್ದ ಚೀಟಿಯನ್ನು ಬಿಡಿಸಿ ಒಂದು ಕಡೆ ಬೆರಳಿಟ್ಟರು. ಹದಿನೈದರಿಂದ ಇಪ್ಪತ್ತೈದು ಎಂ.ಎನ್., ಇಪ್ಪತ್ತು ಉತ್ತಮ, ಎಂದಿತ್ತು.

"ನಮ್ ಕಾಲದಾಗೆ ಗ್ರಾಂ ಅಂತ ಬರೀತಿದ್ರು. ಈ ಎಂ.ಎನ್. ಅಂದ್ರೇನು? ಎಷ್ಟು ಭಾರ ಬಿಡ್ಬೇಕು?"

ಅದು ಮಿಲಿನ್ಯೂಟನ್. ನೂರು ಗ್ರಾಂ ಬೆಲ್ಲದ ಚೂರನ್ನು ಅಂಗೈ ಮೇಲಿಟ್ಟುಕೊಂಡರೆ ಅದು ಕೆಳಕ್ಕೆ ಒತ್ತುವ ಬಲ ಹೆಚ್ಚುಕಡಿಮೆ ಒಂದು ನ್ಯೂಟನ್. ಅದನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಮಿಲಿನ್ಯೂಟನ್. ಅದನ್ನೂ ಸಾವಿರ ಪಾಲು ಮಾಡಿದರೆ ಮೈಕ್ರೋನ್ಯೂಟನ್. ಈ ಕಡೆ ಸಾವಿರ ನ್ಯೂಟನ್ ಸೇರಿದರೆ ನಮ್ಮ ಕಿಲೋನ್ಯೂಟನ್. ಇಷ್ಟು ಹೇಳಿ, ಸುಮ್ಮನೆ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ಹೊತ್ತು ನನ್ನ ಪ್ರೆಸ್ಸಿನ ಕೆಳಗಿದ್ದ ಬಲವನ್ನು ಒಂದು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಸಾಹೇಬರ ಮುಳ್ಳಿಗೆ ಬೇಕಾದದ್ದು. ನಗು ಬಂತು.

"ಎರಡು ಗ್ರಾಂ ಚಿಲ್ಲರೆ ಅಂದ್ಕೊಳ್ಳಿ," ಎಂದೆ.

"ಎರಡೇ ಗ್ರಾಮಾ? ನಾವು ಐದಾರು ಗ್ರಾಂ ಬಿಡ್ತಿದ್ವಿ. ಹಾರಿದ್ರೆ ತಲೆ ಮ್ಯಾಲೆ ನಾಲ್ಕಾಣೆ ಇಡ್ತಿದ್ವಿ." ಡಬ್ಬಿ ಮುಚ್ಚುತ್ತಾ, "ಈ ಪ್ಲೇಟಿಗೆ ಹಂಗೆ ಮಾಡೋ ಹಂಗಿಲ್ಲ ಬೇಟಿ," ಎಂದರು.

ಆ ಪ್ಲೇಟು ಮೊಳಕಾಲ್ಮೂರಿನದು. ರೇಷ್ಮೆ ಸೀರೆ ನೇಯುವ ಮನೆ. ಆ ಮನೆಗೆ ಸೊಸೆಯರಾಗಿ ಬಂದ ಇಬ್ಬರು ಓರಗಿತ್ತಿಯರು ಹೊಸ ಮದುವೆಯ ದಿನಗಳಲ್ಲಿ ಒಟ್ಟಿಗೆ ಹಾಡುತ್ತಿದ್ದರಂತೆ. ಹಾಡು ಸಂಗ್ರಹಿಸುತ್ತಿದ್ದ ಮೇಷ್ಟ್ರೊಬ್ಬರು ಅವರನ್ನೂ ಇನ್ನಷ್ಟು ಹೆಂಗಸರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗಿ ಒಂದು ಚಿಕ್ಕ ಪ್ಲೇಟು ಮಾಡಿಸಿದ್ದರು. ಅದರ ಹಿಂಬದಿಯಲ್ಲಿ ಹಸೆಗೆ ಕರೆಯುವ ಒಂದು ಹಾಡು. ಎಲ್ಲ ಸಾಲುಗಳನ್ನೂ ಗುಂಪಿನಲ್ಲಿ ಹಾಡಿದ್ದಾರೆ, ಎರಡನೇ ನುಡಿಯ ಮೊದಲ ಸಾಲೊಂದನ್ನು ಬಿಟ್ಟು. ಅದನ್ನು ದೊಡ್ಡ ಸೊಸೆ ಒಬ್ಬಳೇ ಹಾಡಿದ್ದಾಳೆ. ಮಕ್ಕಳು ಇನ್ನೂ ಚಿಕ್ಕವರಿದ್ದಾಗಲೇ ಆಕೆ ಜ್ವರದಲ್ಲಿ ತೀರಿಕೊಂಡಳು. ಆಕೆಯ ದನಿ ಅಂತ ಉಳಿದಿರುವುದು ಆ ಒಂದು ಸಾಲು. ಚಿಕ್ಕ ಸೊಸೆ ಈಗ ಎಪ್ಪತ್ತು ದಾಟಿದ ಅಜ್ಜಿ. ಕಿವಿ ಮಂದವಾಗುತ್ತಾ ಬಂದಿದೆ. ಪೂರ್ತಿ ಹೋಗುವ ಮುಂಚೆ ಆ ಸಾಲನ್ನು ಒಂದು ಸಲ ಕೇಳಿಸಿ ಎಂದು ಮಗನನ್ನು ಸಾಹೇಬರ ಹತ್ತಿರ ಕಳಿಸಿದ್ದಾಳೆ. ಪ್ಲೇಟನ್ನು ಮಾತ್ರ ಕಳಿಸಿಲ್ಲ.

"ಪ್ಲೇಟು ಮನೆ ಬಿಟ್ಟು ಹೊರಡಲ್ಲ ಅಂತಾಳಂತೆ. ಮಗ ಫೋನಿನಾಗೆ ಫೋಟೋ ತೋರ್ಸಿದ. ಒಂದು ಗೀರು ಐತೆ, ಹಿಂಬದಿ, ಬರಾಬರ್ ನಡುವೆ. ನನ್ನ ಕೈ ನೋಡು." ನಡುಗುವ ಕೈಯನ್ನು ಚಾಚಿದರು. "ಮುಳ್ಳು ಹಿಡಿಯೋ ತೋಳಿನ ಹಿಂದಿರೋ ತೂಕ ತಿರುಗ್ಸಾಕೆ ಹೋದ್ರೆ ಒಂದು ಗ್ರಾಂ ಆ ಕಡೆ, ಒಂದು ಗ್ರಾಂ ಈ ಕಡೆ."

ಭಾರ ಹೆಚ್ಚಾದರೆ ಮುಳ್ಳು ಪ್ಲೇಟಿನಲ್ಲಿ ಹಾಡು ಕೊರೆದ ಗೀಟುಗಳನ್ನು ಕೆರೆದು ತಿನ್ನುತ್ತದೆ. ಕಡಿಮೆಯಾದರೆ ಗೀಟಿನ ಗೋಡೆಗಳಿಗೆ ಬಡಿಯುತ್ತ ಹಾರುತ್ತದೆ, ಅದರಿಂದ ಆಗುವ ಗಾಯ ಇನ್ನೂ ಕೆಟ್ಟದ್ದು. ಇಷ್ಟನ್ನೂ ಸಾಹೇಬರೇ ನನಗೆ ಹೇಳಿಕೊಟ್ಟರು. ನಾನು ಅದುವರೆಗೆ ಪ್ಲೇಯರಿನ ತೋಳನ್ನು ಬೆರಳಿನಿಂದ ಮುಟ್ಟಿದವಳೂ ಅಲ್ಲ.

ನಮ್ಮ ಮಾಲೀಕರು, "ಡ್ಯೂಟಿ ಮುಗಿದ ಮೇಲೆ ಏನಾದರೂ ಮಾಡ್ಕೊಳ್ಳಿ, ತಕ್ಕಡಿ ಮಾತ್ರ ಲ್ಯಾಬಿನಿಂದ ಆಚೆ ಹೋಗ್ಬಾರ್ದು," ಎಂದರು. ಸಾಹೇಬರು ಪ್ಲೇಯರನ್ನೇ ಹೊತ್ತು ತಂದರು. ಮರದ ಪೆಟ್ಟಿಗೆ, ಹಸಿರು ಬಟ್ಟೆ ಒಳಪದರ, ಮುಚ್ಚಳ ತೆರೆದರೆ ಹಳೆಯ ಮದುವೆಮನೆಯ ವಾಸನೆ. ಧೂಳು, ಬಿಸಿಯಾದ ತಂತಿ, ಎಲ್ಲೋ ಸ್ವಲ್ಪ ಊದಿನಕಡ್ಡಿ. ಸಂಜೆ ಪ್ರೆಸ್ಸುಗಳೆಲ್ಲ ನಿಂತ ಮೇಲೆ ನಾವಿಬ್ಬರೂ ಅದರ ಎದುರು ಕೂರುತ್ತಿದ್ದೆವು. ಆ ಸಂಜೆಗಳು ಈಗಲೂ ನೆನಪಾಗುತ್ತವೆ. ಸಾಹೇಬರು ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದರು. ಯಾವ ಊರಿನ ಯಾವ ಮದುವೆಯಲ್ಲಿ ಯಾವ ಹಾಡನ್ನು ಎಷ್ಟು ಸಲ ಹಾಕಿಸಿದರು, ಯಾವ ಬೀಗರು ಹಾರ್ನ್ ತಮ್ಮ ಕಡೆ ತಿರುಗಿಲ್ಲ ಅಂತ ಊಟ ಬಿಟ್ಟು ಎದ್ದರು, ಎಲ್ಲ ಹೇಳುತ್ತಿದ್ದರು. ನಾನು ಕೇಳುತ್ತಾ ತೂಕ ತಿರುಗಿಸುತ್ತಿದ್ದೆ.

ನಮ್ಮಲ್ಲಿದ್ದ ಅತಿ ಚಿಕ್ಕ ಬಲಮಾಪಕ ಹತ್ತು ನ್ಯೂಟನ್ನಿನದು. ಅದು ಹತ್ತು ಮಿಲಿನ್ಯೂಟನ್‌ಗೆ ಒಂದು ಹೆಜ್ಜೆ ಇಡುತ್ತದೆ. ಇಪ್ಪತ್ತನ್ನು ಅಳೆಯಲು ಅದು ಪ್ರಯೋಜನವಿಲ್ಲ. ಹಾಗಾಗಿ ಚಿಕ್ಕ ತೂಕದ ಬಟ್ಟುಗಳನ್ನು ತೂಗುವ ಮಿಲಿಗ್ರಾಂ ತಕ್ಕಡಿಯನ್ನೇ ಹಿಡಿದೆ. ಮುಳ್ಳನ್ನು ತಟ್ಟೆಯ ಮೇಲೆ ಇಳಿಸಿ, ಬಂದ ಗ್ರಾಮನ್ನು ನಮ್ಮ ಊರಿನ ಗುರುತ್ವ ಒಂಬತ್ತು ಪಾಯಿಂಟ್ ಏಳು ಎಂಟರಿಂದ ಗುಣಿಸಿದರೆ ಮಿಲಿನ್ಯೂಟನ್ ಸಿಗುತ್ತದೆ. ಇಪ್ಪತ್ತು ಮಿಲಿನ್ಯೂಟನ್ ಬೇಕೆಂದರೆ ತಕ್ಕಡಿಯಲ್ಲಿ ಎರಡು ಗ್ರಾಂ ಮೇಲೆ ನಲವತ್ತೈದು ಮಿಲಿಗ್ರಾಂ ಬರಬೇಕು.

ಮೊದಲ ಸಂಜೆಯೇ ತೊಂದರೆ. ತೋಳಿನ ಹಿಂದಿನ ತೂಕವನ್ನು 'ಎರಡು' ಎಂಬ ಅಂಕಿಗೆ ತಿರುಗಿಸಿ ಮುಳ್ಳು ಇಳಿಸಿದರೆ ತಕ್ಕಡಿ ಎರಡೂಮುಕ್ಕಾಲು ತೋರಿಸಿತು. ಇನ್ನೊಂದು ಮೂಲೆಯಲ್ಲಿ ಇಳಿಸಿದರೆ ಎರಡೂವರೆ. ಇಳಿಯುವಾಗ ಕೊನೆಯ ಕೂದಲೆಳೆಯಷ್ಟು ದೂರದಲ್ಲಿ ಮುಳ್ಳು ತಟ್ಟೆಗೆ ಟಪ್ಪನೆ ಅಂಟಿಕೊಳ್ಳುವ ಹಾಗೆ ಕಾಣುತ್ತಿತ್ತು. ಎರಡು ದಿನ ಹಳೆಯ ತೋಳನ್ನೇ ಬೈದೆವು. ಮೂರನೇ ಸಂಜೆ ಮುಳ್ಳನ್ನು ಹಾಗೇ ತಟ್ಟೆಯ ಮೇಲೆ ಹಿಡಿದಿದ್ದಾಗ, ಅದು ಮುಟ್ಟುವ ಮುಂಚೆಯೇ ತಕ್ಕಡಿಯ ಅಂಕಿ ಸೊನ್ನೆಗಿಂತ ಕೆಳಗಿಳಿಯಿತು. ತಟ್ಟೆಯೂ ಅದರ ಕೆಳಗಿನ ತಕ್ಕಡಿಯ ಮೈಯೂ ಉಕ್ಕಿನವು, ಕಾರ್ಟ್ರಿಡ್ಜಿನ ಒಳಗೆ ಅಯಸ್ಕಾಂತವಿದೆ. ಮುಟ್ಟುವ ಮುಂಚೆ ಅದು ತಟ್ಟೆಯನ್ನು ಮೇಲಕ್ಕೆ ಎಳೆಯುತ್ತಿತ್ತು, ಮುಟ್ಟಿದ ಮೇಲೆ ತಕ್ಕಡಿಯ ಮೈ ತೋಳನ್ನು ಕೆಳಕ್ಕೆ ಜಗ್ಗಿ ಅಂಕಿ ಏರಿಸುತ್ತಿತ್ತು. ತಟ್ಟೆಯ ಮೇಲೆ ಎತ್ತರದ ಮರದ ತುಂಡೊಂದನ್ನಿಟ್ಟು, ಅದರ ತೂಕ ಕಳೆದು, ತಕ್ಕಡಿಯನ್ನು ಪ್ಲೇಟಿನ ಮಟ್ಟಕ್ಕೆ ಸರಿಯಾಗಿ ಇಳಿಸಿ ಕೂರಿಸಿದ ಮೇಲೆ ಆ ಕಾಟ ತಪ್ಪಿತು.

ಆದರೂ ಅಂಕಿ ನಿಲ್ಲಲಿಲ್ಲ. ತೋಳನ್ನು ಮೇಲಿನಿಂದ ಇಳಿಸಿದರೆ ಒಂದು, ಕೆಳಗಿನಿಂದ ಎತ್ತಿ ಬಿಟ್ಟರೆ ಇನ್ನೊಂದು. ನಡುವೆ ಮೂರು ಮಿಲಿನ್ಯೂಟನ್ ವ್ಯತ್ಯಾಸ. ನಮ್ಮ ದೊಡ್ಡ ಪ್ರೆಸ್ಸುಗಳಲ್ಲೂ ಇದೇ ಕಾಯಿಲೆ ಬರುತ್ತದೆ, ಏರುವಾಗ ಒಂದು, ಇಳಿಯುವಾಗ ಒಂದು. ಅಲ್ಲಿ ಅದಕ್ಕೆ ಕಾರಣ ಉಜ್ಜಾಟ. ಇಲ್ಲೂ ತೋಳು ಕೂತಿರುವ ಕೀಲಿನಲ್ಲಿ ಅದೇ ಇರಬೇಕು. ಒಳ್ಳೆಯ ತೋಳಿನಲ್ಲಿ ಅದು ಇನ್ನೂರು ಮೈಕ್ರೋನ್ಯೂಟನ್ ಮೀರಬಾರದು ಎಂದು ಹುಡುಕಿ ಓದಿಕೊಂಡೆ. ಇನ್ನೂರು ಮೈಕ್ರೋನ್ಯೂಟನ್ ಎಂದರೆ ಮಿಲಿನ್ಯೂಟನ್ನಿನ ಐದನೇ ಒಂದು ಪಾಲು. ಅದನ್ನು ಹೇಗೆ ಹಾಕಿ ನೋಡುವುದು? ಅಷ್ಟು ಚಿಕ್ಕ ಬಟ್ಟು ನಮ್ಮಲ್ಲಿ ಇರಲಿಲ್ಲ.

ಉತ್ತರ ಪ್ರಿಂಟರಿನಲ್ಲಿತ್ತು. ನಮ್ಮ ಪ್ರಿಂಟರಿಗೆ ಹಾಕುವ ಹಾಳೆ ಒಂದು ಚದರ ಮೀಟರಿಗೆ ಎಂಬತ್ತು ಗ್ರಾಂ ತೂಗುತ್ತದೆ. ಹಾಗಾದರೆ ಒಂದು ಚದರ ಸೆಂಟಿಮೀಟರಿನ ಚೂರು ಎಂಟು ಮಿಲಿಗ್ರಾಂ, ಅಂದರೆ ಎಪ್ಪತ್ತೆಂಟು ಮೈಕ್ರೋನ್ಯೂಟನ್. ಸ್ಕೇಲು ಇಟ್ಟು ಗೆರೆ ಎಳೆದು, ಬ್ಲೇಡಿನಿಂದ ಚೂರುಗಳನ್ನು ಕತ್ತರಿಸಿದೆ. ತೋಳನ್ನು ಯಾವ ಕಡೆಗೂ ವಾಲದಂತೆ ಸಮತೂಕಕ್ಕೆ ತಂದು, ಅದರ ತಲೆಯ ಮೇಲೆ ಒಂದೊಂದೇ ಚೂರು ಇಡುತ್ತಾ ಹೋದೆ. ಸಾಹೇಬರು ಫ್ಯಾನ್ ನಿಲ್ಲಿಸಿ, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನೋಡುತ್ತಿದ್ದರು, ತಮ್ಮ ಉಸಿರಿಗೆ ಚೂರು ಹಾರೀತೆಂದು. ಇಪ್ಪತ್ತು ಚೂರು ಬೀಳುವವರೆಗೆ ತೋಳು ಜಗ್ಗಲಿಲ್ಲ. ಸಾವಿರದ ಐನೂರು ಮೈಕ್ರೋನ್ಯೂಟನ್ ದಾಟಿತ್ತು, ಒಂದೂವರೆ ಮಿಲಿನ್ಯೂಟನ್. ಮೇಲಕ್ಕಷ್ಟು ಕೆಳಕ್ಕಷ್ಟು ಸೇರಿದರೆ ತಕ್ಕಡಿ ತೋರಿಸಿದ ಮೂರಕ್ಕೆ ಸರಿ ಹೊಂದಿತು.

"ಗ್ರೀಸ್ ಒಣಗೈತೆ," ಎಂದರು ಸಾಹೇಬರು. "ಇದನ್ನ ಕೊನೇಗೆ ಬಿಚ್ಚಿದ್ದು ನನ್ನ ನಿಕಾ ಆದ ವರ್ಷ."

ಕೀಲು ಬಿಚ್ಚುವಾಗ ಅವರು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಯಾವ ತಿರುಪನ್ನು ಎಷ್ಟು ಸುತ್ತು, ಸಾಸಿವೆಯಷ್ಟಿರುವ ಗುಂಡುಗಳು ಉರುಳಿ ಹೋಗದಂತೆ ಕೆಳಗೆ ಬಿಳಿ ಬಟ್ಟೆ, ತೊಳೆಯಲು ಪೆಟ್ರೋಲು, ಆಮೇಲೆ ಗಡಿಯಾರದ ಎಣ್ಣೆ ಸೂಜಿಯ ತುದಿಯಿಂದ ಒಂದೇ ಹನಿ. ಮತ್ತೆ ಜೋಡಿಸಿ ಚೂರು ಇಟ್ಟೆ. ಒಂದನೆಯದಕ್ಕೆ ಅಲುಗಲಿಲ್ಲ. ಎರಡನೆಯದು ಬಿದ್ದದ್ದೇ ತೋಳು ನಿದ್ದೆಯಲ್ಲಿ ತಲೆ ಬಾಗುವವರ ಹಾಗೆ ಮೆಲ್ಲಗೆ ಕೆಳಗಿಳಿಯಿತು. ಸಾಹೇಬರು "ಸುಭಾನಲ್ಲಾ" ಎಂದು ಕರವಸ್ತ್ರ ತೆಗೆದರು. ಹಿಂದಿನ ತೂಕದ ಮೇಲೆ ಹದಿನೈದು, ಇಪ್ಪತ್ತು, ಇಪ್ಪತ್ತೈದು ಮಿಲಿನ್ಯೂಟನ್‌ಗೆ ಒಂದೊಂದು ಸಣ್ಣ ಗೆರೆ ಎಳೆದೆ. ಅವರ ಹಳೆಯ ನಾಟಕದ ಪ್ಲೇಟೊಂದನ್ನು ಇಪ್ಪತ್ತರಲ್ಲಿ ಹಾಕಿದಾಗ ಕೊನೆಯವರೆಗೂ ಎಲ್ಲೂ ಎಡವದೆ ಓಡಿತು.

ಭಾನುವಾರ ಅವರ ಆಂಪ್ಲಿಫೈಯರು, ಸ್ಪೀಕರು, ನನ್ನ ಲ್ಯಾಪ್‌ಟಾಪನ್ನು ಅವರ ವ್ಯಾನಿಗೆ ಹಾಕಿಕೊಂಡು ಮೊಳಕಾಲ್ಮೂರಿಗೆ ಹೊರಟೆವು. ತೋಳನ್ನು ದಾರದಿಂದ ಕಟ್ಟಿ, ಪ್ಲೇಯರನ್ನು ನಾನೇ ತೊಡೆಯ ಮೇಲಿಟ್ಟುಕೊಂಡಿದ್ದೆ. ನೇಕಾರರ ಓಣಿಗೆ ಬಂದಾಗ ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು. ಅಜ್ಜಿ ಬಾಗಿಲಲ್ಲೇ ಕಾದಿದ್ದಳು. ತೆಳ್ಳಗಿನ ಮೈ, ಮೂಗಿನ ಎರಡೂ ಕಡೆ ಬೊಟ್ಟು. ಮನೆಯಲ್ಲಿ ಮಾತು ತೆಲುಗು, ನಮ್ಮ ಜೊತೆ ಕನ್ನಡ, ನಡುನಡುವೆ ಎರಡೂ ಕಲಸುತ್ತಿದ್ದವು.

"ರಾ ಅಮ್ಮಾ, ಬಾ ಒಳಗೆ. ನೀನೇನಾ ಸೂಜಿ ತೂಗೋ ಹುಡುಗಿ?"

ಪ್ಲೇಟು ಹಳೆಯ ರೇಷ್ಮೆ ಸೀರೆಯ ಚೂರಿನಲ್ಲಿ ಸುತ್ತಿ ದೇವರ ಗೂಡಿನಲ್ಲಿತ್ತು. ಹಿಂಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗೀರು ಕಾಣಿಸಿತು. ಉಗುರಿನ ಅಗಲದಷ್ಟು ಉದ್ದ, ಗೀಟುಗಳಿಗೆ ಅಡ್ಡಲಾಗಿ. ಹೇಗಾಯಿತೆಂದು ನಾನು ಕೇಳಲಿಲ್ಲ. ಅಜ್ಜಿಯೇ ಹೇಳಿದಳು: "ಮಗು ಕೈಗೆ ಸಿಕ್ಕಿತ್ತು. ಅಕ್ಕನ ಮಗುವೇ. ಅವಳಿದ್ದಾಗ್ಲೇ. ಅವಳು ನಕ್ಕು ಬಿಟ್ಲು. ಮುಂದೆ ಇದೊಂದೇ ಉಳಿತೈತೆ ಅಂತ ಯಾರಿಗೆ ಗೊತ್ತಿತ್ತು?"

ಕಲ್ಲಿನ ಕಟ್ಟೆಯ ಮೇಲೆ ಪ್ಲೇಯರನ್ನು ಮಟ್ಟವಾಗಿ ಕೂರಿಸಿದೆ. ದಾರಿಯಲ್ಲಿ ತೂಕ ಅಲುಗಿರಬಹುದೆಂದು ಮತ್ತೆ ಸಮತೂಕ ನೋಡಿ, ಇಪ್ಪತ್ತರ ಗೆರೆಗೆ ತಂದೆ. ಮೊದಲು ಮುಂಬದಿ. ಮುಳ್ಳು ಇಳಿಸಿದ ತಕ್ಷಣ ಡುಬ್, ಡುಬ್ ಎಂದು ಸದ್ದು. ಪಕ್ಕದ ಕೋಣೆಯ ಗುಂಡಿ ಮಗ್ಗದಲ್ಲಿ ಹಲಗೆ ಬಡಿದಾಗಲೆಲ್ಲ ನೆಲವೇ ನಡುಗುತ್ತಿತ್ತು. ಅಜ್ಜಿಯ ಮಗ ತನ್ನ ಮಗ್ಗ ನಿಲ್ಲಿಸಿ ಬಂದ. ಆಮೇಲೆ ಗೋಡೆಯಾಚೆಯ ಮನೆಯವರಿಗೂ ಹೇಳಿಬಂದ. ಒಂದೊಂದಾಗಿ ಹತ್ತಿರದ ಮಗ್ಗಗಳು ಸುಮ್ಮನಾದವು. ನೇಯುವುದು ಬಿಟ್ಟ ಜನ ಹೊಸಿಲ ಹತ್ತಿರ ಬಂದು ಕೂತರು. ಮುಂಬದಿ ಚೆನ್ನಾಗಿ ಓಡಿತು. ಗುಂಪಿನ ಹಾಡು, ಎಲ್ಲರ ದನಿಯೂ ಒಂದಾಗಿ. ಅಜ್ಜಿ ಕಿವಿಗೆ ಕೈ ಒಡ್ಡಿ ಕೇಳಿದಳು.

ಹಿಂಬದಿಗೆ ತಿರುಗಿಸಿದೆ. ಮೊದಲ ನುಡಿ ಮುಗಿಯಿತು. ಟಕ್ ಎಂದಿತು. ಮುಳ್ಳು ಹಿಂದಿನ ಗೀಟಿಗೆ ಹಾರಿ ಮೊದಲ ನುಡಿಯ ಕೊನೆಯನ್ನೇ ಮತ್ತೆ ಹಾಡಿತು. ಮತ್ತೆ ಟಕ್. ಮತ್ತೆ ಅದೇ. ನಾನು ತೋಳು ಎತ್ತಿದೆ.

ಇಪ್ಪತ್ತೈದರ ಗೆರೆಗೆ ತಿರುಗಿಸಿ ಇನ್ನೊಂದು ಸಲ ನೋಡಿದೆ. ಅದೇ ಜಾಗ, ಅದೇ ಟಕ್. ಅದಕ್ಕಿಂತ ಮೇಲೆ ಹೋಗಬಾರದೆಂದು ಮುಳ್ಳಿನ ಚೀಟಿಯೇ ಹೇಳಿತ್ತು. ಸಾಹೇಬರು ಜೇಬಿಗೆ ಕೈ ಹಾಕಿದರು. ಹಳೆಯ ನಾಲ್ಕಾಣೆ ಹೊರಬಂತು.

"ಒಂದೇ ಸಲ ಬೇಟಿ. ದಾಟಿ ಹೋಗ್ತದೆ. ನೂರು ಮದುವೆಯಾಗೆ ಮಾಡೀನಿ."

ಆ ನಾಣ್ಯ ಎರಡೂವರೆ ಗ್ರಾಂ. ಈಗಿರುವುದರ ಜೊತೆ ಸೇರಿದರೆ ಐವತ್ತು ಮಿಲಿನ್ಯೂಟನ್ ಮುಟ್ಟುತ್ತದೆ. ದಾಟಿದರೂ ದಾಟಬಹುದು. ಗೀರಿನ ಅಂಚನ್ನು ಹರಿದುಕೊಂಡು, ಆ ಸಾಲನ್ನೇ ಉಳುಮೆ ಮಾಡಿಕೊಂಡು ಹೋಗಲೂಬಹುದು. ಸಾಹೇಬರು ತಮ್ಮ ಅನುಭವದಿಂದ ಹೇಳುತ್ತಿದ್ದರು, ಅದು ಸುಳ್ಳಲ್ಲ. ಆದರೆ ನೂರು ಮದುವೆಯ ಪ್ಲೇಟುಗಳು ಅಂಗಡಿಯಲ್ಲಿ ಇನ್ನೊಂದು ಸಿಗುವಂಥವು.

ಅಜ್ಜಿ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು. "ಏನಾಗ್ತೈತೆ? ಹೇಳ್ರಿ."

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಭಾರ ಹೆಚ್ಚು ಮಾಡಿದ್ರೆ ಈಗ ಕೇಳಬಹುದು ಅಜ್ಜಿ, ಆದ್ರೆ ಆ ಸಾಲು ಹಾಳಾದ್ರೆ ಮತ್ತೆ ಬರಲ್ಲ."

"ಬೇರೆ ದಾರಿ ಇಲ್ವಾ?"

ಆಗ ಹೊಳೆಯಿತು. ಭಾರವನ್ನೇ ಯಾಕೆ ತಿರುಗಿಸುತ್ತಿದ್ದೇನೆ? ಮುಳ್ಳು ಗೀರಿಗೆ ಬಂದು ಬಡಿಯುವುದು ವೇಗದಿಂದ. ಈ ಪ್ಲೇಟು ನಿಮಿಷಕ್ಕೆ ನಲವತ್ತೈದು ಸುತ್ತಿನದು. ಪ್ಲೇಯರಿನಲ್ಲಿ ದೊಡ್ಡ ಪ್ಲೇಟುಗಳಿಗಾಗಿ ಮೂವತ್ತಮೂರರ ವೇಗವೂ ಇದೆ. ನಿಧಾನ ಮಾಡಿದರೆ ಪೆಟ್ಟು ಕಡಿಮೆಯಾಗುತ್ತದೆ, ಇಪ್ಪತ್ತು ಮಿಲಿನ್ಯೂಟನ್ನೇ ಮುಳ್ಳನ್ನು ಹಿಡಿದುಕೊಳ್ಳಬಹುದು.

"ಹಾಡು ಕೆಟ್ಟೋಗ್ತದಲ್ಲ ಬೇಟಿ," ಎಂದರು ಸಾಹೇಬರು.

"ಕೆಡ್ಲಿ. ಲ್ಯಾಪ್‌ಟಾಪಿಗೆ ತಗೊಂಡು ಆಮೇಲೆ ವೇಗ ಸರಿ ಮಾಡೋಣ."

ಅವರು ನಾಣ್ಯವನ್ನು ಒಂದು ಕ್ಷಣ ಅಂಗೈಯಲ್ಲಿ ಹಿಡಿದಿದ್ದು ಮತ್ತೆ ಜೇಬಿಗೆ ಹಾಕಿದರು. ತಾವೇ ಆಂಪ್ಲಿಫೈಯರಿನಿಂದ ಲ್ಯಾಪ್‌ಟಾಪಿಗೆ ತಂತಿ ಕೊಟ್ಟರು. ನಾನು ತೂಕವನ್ನು ಇಪ್ಪತ್ತಕ್ಕೆ ಹಿಂತಿರುಗಿಸಿ, ವೇಗ ಇಳಿಸಿ, ಮುಳ್ಳು ಬಿಟ್ಟೆ.

ಹಸೆಗೆ ಕರೆಯುವ ಹೆಂಗಸರ ಹಾಡು ಗಡ್ಡದ ಗಂಡಸರ ಭಜನೆಯಾಗಿ ಹೊರಬಂತು. ಹೊಸಿಲಲ್ಲಿ ಕೂತವರು ಬಿದ್ದು ಬಿದ್ದು ನಕ್ಕರು. "ಓರಿ ದೇವುಡಾ, ಇದ್ಯಾವ ಗಂಡ್ಸಮ್ಮಾ?" ಎಂದು ಅಜ್ಜಿಯೂ ನಕ್ಕಳು. ನಾನು ನಗಲಿಲ್ಲ. ಗೀರು ಸುತ್ತಿ ಸುತ್ತಿ ಮುಳ್ಳಿನ ಹತ್ತಿರ ಬರುವುದು ಕಾಣುತ್ತಿತ್ತು. ಮೊದಲ ನುಡಿಯ ಕೊನೆ. ಟಕ್. ತೋಳು ಸ್ವಲ್ಪ ಮಾತ್ರ ಬೆಚ್ಚಿ, ಅದೇ ಗೀಟಿನಲ್ಲಿ ಮುಂದಕ್ಕೆ ಹೋಯಿತು. ಟಕ್. ಟಕ್. ಒಂದೊಂದು ಸುತ್ತಿಗೂ ಒಂದು. ಆ ಸದ್ದುಗಳ ನಡುವೆ ಒಂದೇ ಒಂದು ದನಿ, ನಿಧಾನವಾಗಿ, ಆಳವಾಗಿ, ಯಾರದೆಂದು ಹೇಳಲಾಗದ ಹಾಗೆ. ಹಾಡು ಮುಗಿಯುವವರೆಗೆ ನಾನು ಕೈ ಕಟ್ಟಿಕೊಂಡೇ ನಿಂತಿದ್ದೆ. ತೋಳು ಎತ್ತಿ ದಾರ ಕಟ್ಟಿದ ಮೇಲೆ ಸಾಹೇಬರು ನನ್ನ ತಲೆಯ ಮೇಲೆ ಕೈ ಇಟ್ಟರು.

ಲ್ಯಾಪ್‌ಟಾಪಿನಲ್ಲಿ ವೇಗವನ್ನು ಒಂದು ಪಾಯಿಂಟ್ ಮೂರು ಐದು ಪಟ್ಟು ಏರಿಸಿದೆ. ಟಕ್ ಎಂಬ ಸದ್ದುಗಳನ್ನು ತೆಗೆಯುವ ಗೋಜಿಗೆ ಹೋಗಲಿಲ್ಲ. ಸಾಹೇಬರು ತಮ್ಮ ಹೆಡ್‌ಫೋನನ್ನು ಒರೆಸಿ ಅಜ್ಜಿಯ ಕಿವಿಗೆ ತಾವೇ ಕೂರಿಸಿದರು. ನಮಗೆಲ್ಲ ಕೇಳಲೆಂದು ಸ್ಪೀಕರೂ ಇತ್ತು.

ಹೆಂಗಸರ ದನಿ ಹೆಂಗಸರದಾಗಿ ಬಂತು. ಮೊದಲ ನುಡಿ ಮುಗಿಯಿತು. ಟಕ್ ಎಂದಿತು, ದಾಟಿತು. ಆಮೇಲೆ ಒಬ್ಬಳೇ ಒಬ್ಬಳು ಹೆಣ್ಣುಮಗಳು, ಇಪ್ಪತ್ತು ದಾಟದವಳು, ಸ್ವಲ್ಪ ಮೂಗಿನ ದನಿಯಲ್ಲಿ, ಗಟ್ಟಿಯಾಗಿ, ಯಾರಿಗೂ ಹೆದರದೆ ಹಾಡಿದಳು. ಸಾಲಿನಲ್ಲಿ ಮಲ್ಲಿಗೆ ಎಂಬ ಮಾತಿತ್ತು. 'ಮಲ್ಲಿ' ಎಂದವಳು ನಡುವೆ ಚಿಕ್ಕದಾಗಿ ಉಸಿರು ಎಳೆದುಕೊಂಡು 'ಗೆ' ಎಂದಳು. ಆ ಉಸಿರು ನಮಗೆಲ್ಲರಿಗೂ ಕೇಳಿಸಿತು. ಆಮೇಲೆ ಗುಂಪು ಅವಳ ಹಿಂದೆ ಬಂತು.

ಅಜ್ಜಿ ಅಳುತ್ತಾಳೆಂದು ಮಗ ಹತ್ತಿರ ಬಂದು ಕೂತ. ಅವಳು ಅಳಲಿಲ್ಲ. ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಎದುರಿನ ಗೋಡೆಯನ್ನು ದಿಟ್ಟಿಸಿ, ತನ್ನ ಮಂದ ಕಿವಿಗೆ ತಕ್ಕ ಜೋರು ದನಿಯಲ್ಲಿ ಶುರು ಮಾಡಿದಳು:

"ನೋಡಿದ್ರಾ? ಮಲ್ಲಿಗೆ ನಡುವೆ ಉಸಿರು ತಗಂಡ್ಲು! ಎಷ್ಟು ಸಲ ಹೇಳಿದ್ದೆ, ಅಕ್ಕಾ, ಮಾತು ಮುಗ್ಸಿ ಉಸಿರು ತಗಾ ಅಂತ. ಬಸ್ಸಿನಾಗೆ ಹೋಗ್ತಾ ಹೇಳ್ದೆ, ಅಲ್ಲಿ ಮೈಕಿನ ಮುಂದೆ ನಿಂತಾಗ್ಲೂ ಚಿವುಟ್ದೆ. ಕೇಳಿದ್ಲಾ? ಕೇಳ್ಲಿಲ್ಲ."

ಹಾಡು ಮುಗಿದಿತ್ತು. ಓಣಿಯ ಆ ತುದಿಯಲ್ಲಿ ಯಾರದೋ ಮಗ್ಗ ಮತ್ತೆ ಬಡಿಯತೊಡಗಿತ್ತು. ನಾನು ಹೆಡ್‌ಫೋನ್ ತೆಗೆಯಲು ಕೈ ಚಾಚಿದೆ. ಅಜ್ಜಿ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು.

"ಇನ್ನೊಂದ್ಸಲ ಹಾಕಮ್ಮಾ," ಎಂದಳು. "ಇನ್ನೂ ಬಯ್ಯೋದೈತೆ."